ಥೋರಿಯಂ ಇಲ್ಲದ ಹರಳು

ಮಾರ್ಚ್ ೧೨, ಗುರುವಾರ

ನಾವು ಕಂಡ ಬೆಳಕು ಥೋರಿಯಂ ನ್ಯೂಕ್ಲಿಯಸ್ಸಿನದಲ್ಲ. ಇವತ್ತು ಥೋರಿಯಂ ಬೆರೆಸದ ಹರಳನ್ನಿಟ್ಟು ನೋಡಿದೆ. ಅದೂ ಹಾಗೆಯೇ ಮಿನುಗಿತು; ಅಂದರೆ ಬೆಳಕು ಹರಳಿನದೇ. ನ್ಯೂಕ್ಲಿಯಸ್ ಬಿಟ್ಟುಕೊಡುವ ಚೂರು ಶಕ್ತಿಯನ್ನು, ಅದು ಬೆಳಕಾಗುವ ಮೊದಲೇ, ಸುತ್ತಲಿನ ಎಲೆಕ್ಟ್ರಾನ್ ಕಸಿದುಕೊಂಡು ಹಾರಿಹೋಗುತ್ತಿರಬೇಕು.

ನನ್ನ ಪಿಎಚ್.ಡಿ. ಗೈಡ್ ಮೇಷ್ಟ್ರಿಗೆ ಹೇಳಿದೆ. "ಪೇಪರ್ ಆಗ್ಲೇ ಕಳ್ಸಾಗಿದೆಯಮ್ಮಾ. ಮೊದಲನೇ ಹೆಸರು ನಿಂದೇ. ಸುಮ್ನಿರು," ಎಂದರು.

ಅಕ್ಕನಿಗೆ ಫೋನ್ ಮಾಡಿದೆ. "ನಿಜ ಹೇಳಿದ್ರೆ ಪಿಎಚ್.ಡಿ. ಹೋಗುತ್ತಾ?" ಎಂದಳು.

"ಹೋಗ್ಬೋದು."

"ಹೇಳ್ದಿದ್ರೆ?"

ನಾನು ಫೋನ್ ಇಟ್ಟುಬಿಟ್ಟೆ.

ಕೊನೆಗೆ ಪೇಪರ್ ಕಳಿಸಿದ್ದ ಪತ್ರಿಕೆಯ ಸಂಪಾದಕರಿಗೆ ನಿಜ ಬರೆದು, ಕಳಿಸಿಯೇಬಿಟ್ಟೆ. ಎದೆ ಹಗುರಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ನಾಳೆ ಅದೇ ಕಿಟಕಿಯಿಲ್ಲದ ಲ್ಯಾಬಿಗೆ ಹೋಗಿ, ಮೇಷ್ಟ್ರ ಪಕ್ಕದ ಕುರ್ಚಿಯಲ್ಲೇ ಕೂರಬೇಕು. ಅವರು ಎಂದಿನಂತೆ "ತಿಂಡಿ ಆಯ್ತೇನಮ್ಮಾ" ಎಂದು ಕೇಳಿದರೆ ನಾನು ಏನಂತ ಹೇಳಲಿ?