ತಾರೀಕು ತಪ್ಪಿದ ಆಲೆಮನೆ

ಸಿದ್ದಾಪುರ
೧೮ ಫೆಬ್ರುವರಿ ೨೦೦೯

ಪ್ರೀತಿಯ ಪಾರ್ವತಿ,

ನಿನಗೂ, ನಿನ್ನ ಅತ್ತೆ ಅನ್ನಪೂರ್ಣವ್ವನವರಿಗೂ, ಮಗಳು ಪ್ರತಿಭಾಳಿಗೂ ನಮ್ಮಿಬ್ಬರ ನೆನಪುಗಳು. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳುಹೋಳಿಗೆ ಖಾಲಿಯಾಗಿ ಎಷ್ಟೋ ದಿನವಾಯಿತು. ತಲುಪಿತು ಅಂತ ಒಂದು ಮಾತು ಬರೆಯಲಿಲ್ಲ, ಡಬ್ಬಿಯನ್ನೂ ವಾಪಸು ಕಳಿಸಲಿಲ್ಲ. ಬೈಯುವುದಿದ್ದರೆ ಎರಡಕ್ಕೂ ಸೇರಿಸಿ ಒಂದೇ ಸಲ ಬೈದುಬಿಡು. ಹೋಳಿಗೆ ಮಾತ್ರ ಬಹಳ ಚೆನ್ನಾಗಿತ್ತು. ನಾಗಪತಿ ಹೆಗಡೆಯವರು, ಅಂದರೆ ನಮ್ಮ ಯಜಮಾನರು, ಸಕ್ಕರೆ ಕಾಯಿಲೆಯನ್ನು ಮರೆತು ತಿಂದರು.

ಏನಿದ್ದರೂ ಇ-ಮೇಲಿನಲ್ಲೇ ಕಳಿಸುವ ಈ ಸುಬ್ಬಿ ಅಂಚೆಯ ಕಾಗದ ಯಾಕೆ ಹಿಡಿದಳು ಅಂತ ನೀನು ಹುಬ್ಬೇರಿಸುತ್ತೀ, ಗೊತ್ತು. ನಿನಗೆ ಇ-ಮೇಲ್ ಕಳಿಸುವ ಧೈರ್ಯ ಸದ್ಯಕ್ಕೆ ನನಗಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಇನ್ನೊಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಯಜಮಾನರು ಶಿವಪುತ್ರಪ್ಪನವರು ತೀರಿಕೊಂಡ ಮೇಲೆ ನೀನು ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ. ಬನವಾಸಿಯಲ್ಲಿ ಬಸ್ಸು ಹತ್ತಿದರೆ ಶಿರಸಿ, ಶಿರಸಿಯಿಂದ ಇನ್ನೊಂದು ಬಸ್ಸಿಗೆ ನಮ್ಮೂರು. ದಾರಿಯೇನೂ ಬದಲಾಗಿಲ್ಲ. ನಿನ್ನನ್ನು ಮತ್ತೆ ಇಲ್ಲಿಗೆ ಕರೆಸಬೇಕು, ಈ ಕಾಗದದ ಉದ್ದೇಶ ಅದೊಂದೇ. ನಾನು ಸುತ್ತಿಬಳಸಿ ಮಾತಾಡುವವಳಲ್ಲ. ಆದರೂ ಈ ಸಲ ಸ್ವಲ್ಪ ಸುತ್ತುತ್ತೇನೆ, ಸಹಿಸಿಕೋ.

ಮೊದಲ ದೊಡ್ಡ ಸುದ್ದಿ: ನನ್ನ ವೆಬ್‌ಸೈಟು ಮನೆ ಬದಲಿಸಿತು! ‘ಹಿತ್ತಲ ಬಾಗಿಲು’ ಈಗ ಜೂಮ್ಲಾದಲ್ಲಿಲ್ಲ, ವರ್ಡ್‌ಪ್ರೆಸ್‌ನಲ್ಲಿದೆ. ಶಿರಸಿಯಲ್ಲಿ ಮೇಷ್ಟ್ರುಗಳಿಗೆಲ್ಲ ಕಂಪ್ಯೂಟರ್ ತರಬೇತಿ ಅಂತ ಇಬ್ಬಿಬ್ಬರನ್ನು ಒಂದೊಂದು ಯಂತ್ರದ ಮುಂದೆ ಕೂರಿಸಿದಾಗ ಕೀಬೋರ್ಡು ನಿನ್ನ ಪಾಲಿಗೆ, ಮೌಸು ನನ್ನ ಪಾಲಿಗೆ ಬಂದಿತ್ತಲ್ಲ, ಆ ಸುಬ್ಬಿಯೇ ಇಷ್ಟೆಲ್ಲ ಮಾಡಿದ್ದು. ಯಾರ ಕೈಕಾಲೂ ಹಿಡಿಯಲಿಲ್ಲ. ನೌಕರಿಗೆ ರಾಜೀನಾಮೆ ಕೊಟ್ಟು ಮನೆಯಲ್ಲಿ ಕೂತರೆ ತಲೆಗೆ ತುಕ್ಕು ಹಿಡಿಯುತ್ತದೆ ಎಂದವರೆಲ್ಲ ಬಂದು ನೋಡಲಿ.

ಜೂಮ್ಲಾ ಕೆಟ್ಟದ್ದಲ್ಲ. ನನ್ನ ಹರಟೆಗೆ ಅದು ತೀರ ದೊಡ್ಡದಾಯಿತು, ಅಷ್ಟೆ. ತಂಬುಳಿಯ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದರೆ ಯಾವ ಸೆಕ್ಷನ್, ಯಾವ ಕೆಟಗರಿ, ಮುಖಪುಟಕ್ಕೆ ಬೇಕೋ ಬೇಡವೋ ಎಂದು ಒಂದೊಂದೇ ಕೇಳುತ್ತ ಹೋಗುತ್ತದೆ. ಅಷ್ಟಕ್ಕೆಲ್ಲ ಉತ್ತರ ಕೊಡುವಷ್ಟರಲ್ಲಿ ತಂಬುಳಿ ಮರೆತೇ ಹೋಗಿರುತ್ತದೆ. ಹೊಸದರಲ್ಲಿ ಹಾಗಿಲ್ಲ ಮಾರಾಯ್ತಿ. ಒಂದು ತಲೆಬರಹ, ಕೆಳಗೆ ಒಂದು ಖಾಲಿ ಜಾಗ, ಬರಿ ಅನ್ನುತ್ತದೆ. ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ನಾನು ಟೊಂಕ ಕಟ್ಟಿದೆ.

ಹಳೆಯ ಬರಹಗಳನ್ನು ಗಂಟು ಕಟ್ಟಿ ಅಲ್ಲಿಂದ ಇಲ್ಲಿಗೆ ಹೊತ್ತು ತರುವುದು ಮಾತ್ರ ಸುಲಭದ ಕೆಲಸವಲ್ಲ. ಮೊದಲ ಸಲ ತಂದಾಗ ಇಡೀ ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂತು. ಪುಟದ ತುಂಬ ಪ್ರಶ್ನೆ, ಉತ್ತರ ಒಂದೂ ಇಲ್ಲ. ಅಳು ಬಂತು. ನಾಗಪತಿಯವರು ಹಿಂದೆ ನಿಂತು ಕವಳ ಜಗಿಯುತ್ತ, “ಅಡ್ಡಿಲ್ಲೆ, ಮೊದಲಿಗಿಂತ ಚಲೋ ಅರ್ಥ ಆಗ್ತು” ಅಂದರು. ಅವತ್ತು ಅವರಿಗೆ ಸಂಜೆಯ ಚಹಾ ಸಿಗಲಿಲ್ಲ.

ಅದನ್ನೂ ಸರಿ ಮಾಡಿದೆ. ಎಲ್ಲವನ್ನೂ ಒಟ್ಟಿಗೆ ತಂದು ಮತ್ತೆ ಕೆಡಿಸಿಕೊಳ್ಳುವುದು ಬೇಡ, ಪರೀಕ್ಷೆಗೆ ಒಂದೇ ಒಂದು ಬರಹ ತಂದು ನೋಡೋಣ ಎಂದುಕೊಂಡೆ. ಯಾವುದನ್ನು ಆರಿಸಲಿ? ಕೈ ತಾನಾಗಿ ಆಲೆಮನೆಯ ಬರಹದ ಮೇಲೆ ಹೋಯಿತು. ನಮ್ಮಲ್ಲಿ ಕೊನೆಯ ಸಲ ಗಾಣ ಹೂಡಿದಾಗ ಊರಿಗೆಲ್ಲ ಕರೆ ಕೊಟ್ಟು ಬರೆದಿದ್ದೆನಲ್ಲ, ಅದು. “ಬರುವ ಭಾನುವಾರ ನಮ್ಮಲ್ಲಿ ಆಲೆಮನೆ. ಕರೆಯಲಿಲ್ಲ ಅನ್ನಬೇಡಿ, ಇದೇ ಕರೆ” ಅಂತ ಶುರುವಾಗುತ್ತದೆ. ಸೈಟಿನಲ್ಲಿ ಅತಿ ಹೆಚ್ಚು ಜನ ಓದಿದ ಬರಹ ಅದೇ. ಹೋದ ಮಂಗಳವಾರ ಬೆಳಿಗ್ಗೆ ಗುಂಡಿ ಒತ್ತಿದೆ. ಎಲ್ಲ ಅಕ್ಷರವೂ ದುಂಡಗೆ ಬಂತು! ಖುಷಿಗೆ ನಾನೊಬ್ಬಳೇ ಚಪ್ಪಾಳೆ ಹೊಡೆದೆ.

ಆದರೆ ಎರಡು ಎಡವಟ್ಟು ಮಾಡಿದ್ದೆ. ತಾರೀಕಿನ ಜಾಗವನ್ನು ಖಾಲಿ ಬಿಟ್ಟಿದ್ದೆ. ಖಾಲಿ ಬಿಟ್ಟರೆ ಆ ಪುಣ್ಯಾತ್ಮ ಇವತ್ತಿನ ತಾರೀಕನ್ನೇ ಹಾಕಿಕೊಳ್ಳುತ್ತಾನೆ. ಎರಡನೆಯದು, ಹೊಸ ಬರಹ ಹಾಕಿದ ಕೂಡಲೇ ಓದುಗರಿಗೆಲ್ಲ ಇ-ಮೇಲ್ ಹೋಗಲಿ ಅಂತ ಹಿಂದಿನ ದಿನವೇ ಏರ್ಪಾಡು ಮಾಡಿಟ್ಟಿದ್ದೆ. ಅದೂ ತನ್ನ ಕೆಲಸ ಮಾಡಿತು.

ನಾನಿನ್ನೂ ಚಪ್ಪಾಳೆಯಲ್ಲೇ ಇದ್ದೆ, ಫೋನು ಹೊಡೆದುಕೊಂಡಿತು. ಭೈರುಂಬೆಯ ನನ್ನ ಚಿಕ್ಕಮ್ಮ. “ಕೂಸೇ, ಭಾನುವಾರ ಆಲೆಮನೆ ಅಡ! ಒಂದು ಮಾತು ಹೇಳಿದ್ದಿಲ್ಲೆ. ಎಂಗ ಎಲ್ಲರೂ ಬತ್ಯ, ಅಡ್ಡಿಲ್ಲೆ ಅಲ್ದಾ?” ಎಂಥಾ ಆಲೆಮನೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಆಮೇಲೆ ಯಲ್ಲಾಪುರದಿಂದ ಬಂತು, ಶಿರಸಿಯಿಂದ ಬಂತು. ಕಿರವತ್ತಿಯ ಹೆದ್ದಾರಿಯಲ್ಲಿ ಢಾಬಾ ಇಟ್ಟಿರುವ ವಿನೋದ ಅಂತೊಬ್ಬ ಓದುಗನಿದ್ದಾನೆ, ನಾನು ಏನು ಬರೆದರೂ ಕೆಳಗೆ ‘ಸೂಪರ್ ಅಕ್ಕಾ’ ಎಂದಷ್ಟೇ ಹಾಕುವವನು. ಅವನೂ ಫೋನು ಮಾಡಿದ. “ಅಕ್ಕಾರ, ಕಬ್ಬಿನ ಹಾಲು ನೀವು ಕುಡಿಸ್ರಿ, ಮಿರ್ಚಿ ನಾ ಕರೀತೀನಿ. ಒಲಿ, ಬಾಣಲಿ ಎಲ್ಲಾ ನಂದ” ಅಂದ.

ಆಲೆಮನೆ ಎಲ್ಲಿಂದ ತರಲಿ? ಗದ್ದೆಯಲ್ಲಿ ಕಬ್ಬಿಲ್ಲ, ಗಾಣ ಕೊಟ್ಟಿಗೆಯ ಮೂಲೆ ಸೇರಿದೆ. ಪಾಕ ನೋಡಲು ಶಿವಪುತ್ರಪ್ಪನವರಿಲ್ಲದೆ ಆಲೆಮನೆಯೇ ಬೇಡ ಅಂತ ನಾವು ಕಬ್ಬು ನೆಡುವುದನ್ನೇ ಬಿಟ್ಟಿದ್ದೆವಲ್ಲ. ‘ತಪ್ಪಾಗಿದೆ, ಯಾರೂ ಬರಬೇಡಿ’ ಅಂತ ಇನ್ನೊಂದು ಇ-ಮೇಲ್ ಬರೆಯಲು ಕೂತೆ. ನಾಗಪತಿಯವರು ಕೇಳಿದ್ದೇ ಕೆಂಡವಾದರು. “ಬಪ್ಪವ್ಕೆ ಬರಡಿ ಹೇಳಲೆ ಆಗ್ತಿಲ್ಲೆ! ಆಲೆಮನೆ ಹೇಳಿ ಕರದಾತು, ಮುಗತು. ಇನ್ನು ಮಾಡದೊಂದೇ” ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನ ಪರವಾಗಿ ಇಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಗದ್ದೆಯಾಚೆಯ ಕೆರಿಯನ ಕಬ್ಬು ಇನ್ನೂ ನಿಂತಿತ್ತು. ಹೋಗಿ ಸಂಕೋಚದಿಂದ ಕೇಳಿದರೆ ಅವನು ನಕ್ಕುಬಿಟ್ಟ. “ಕಬ್ಬು ನಂದು ಅದೆ, ಗಾಣ ನಿಮ್ದು ಅದೆ. ಬೆಲ್ಲ ಇಬ್ರಿಗೂ ಆಗ್ತದೆ. ಎಂತಕ್ಕೆ ಹೆದ್ರೂದು ಅಮ್ಮಾ?” ಅಂದ. ಶುಕ್ರವಾರ ಗಾಣ ಹೊರಗೆ ಬಂತು. ಅದರೊಳಗೆ ಇಲಿ ಸಂಸಾರ ಹೂಡಿತ್ತು, ಅದಕ್ಕೆ ಬೇರೆ ಮನೆ ತೋರಿಸಿದೆವು. ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ನಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಅಂಗೈ ಈಗಲೂ ಉರಿಯುತ್ತಿದೆ. ಆದರೂ ಹೇಳುತ್ತೇನೆ ಪಾರ್ವತಿ, ಕಟ್ಟಿಗೆ ಒಟ್ಟಿ, ಚಪ್ಪರ ಹಾಕಿ, ಅಂಗಳ ಗುಡಿಸಿ ನಿಂತಾಗ ನನಗೆ ಹದಿನೆಂಟು ವರ್ಷ ವಯಸ್ಸು ಕಡಿಮೆಯಾದಂತೆ ಇತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೇ ಜನ! ನನ್ನ ಬರಹಗಳ ಕೆಳಗೆ ಬರೀ ಹೆಸರುಗಳಾಗಿ ಇದ್ದವರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದರು. ‘ಮಲೆನಾಡ ಹುಲಿ’ ಎಂದು ಗುಡುಗುತ್ತಿದ್ದವರು ಸಣ್ಣ ದನಿಯ ಒಬ್ಬ ಹೋಮಿಯೋಪತಿ ಡಾಕ್ಟರು. ಸ್ವರ್ಣವಲ್ಲಿ ಮಠಕ್ಕೆ ಹೊರಟಿದ್ದ ಒಂದು ಜೀಪು, ಜನ ಯಾಕೆ ಸೇರಿದ್ದಾರೆಂದು ವಿಚಾರಿಸಿ, ನಮ್ಮ ಅಂಗಳದಲ್ಲೇ ನಿಂತುಬಿಟ್ಟಿತು. ವಿನೋದ ಹೇಳಿದಂತೆ ಒಲೆ ಸಮೇತ ಬಂದ. ಬೆಳಗಿನಿಂದ ಸಂಜೆಯವರೆಗೆ ಮಿರ್ಚಿ ಕರಿದ, ಒಂದು ಲೋಟ ಹಾಲು ಕುಡಿಯಲು ಕೂಡ ಕೂರಲಿಲ್ಲ. ಯಾಕಪ್ಪ ಎಂದರೆ, “ಢಾಬಾದಾಗ ಉಂಡವ್ರು ಕೈ ತೊಳಕೊಂಡು ಹೋಗ್ತಾರ್ರಿ. ಇಲ್ಲಿ ನನ್ನ ಹೆಸರು ಕೇಳಾಕತ್ತಾರ” ಅಂದ.

ಕೆರಿಯನ ಕೋಣಗಳಿಗೆ ಗಾಣದ ಅಭ್ಯಾಸವಿಲ್ಲ. ಎರಡು ಸುತ್ತು ಹಾಕಿ ನಿಂತು ನಾಗಪತಿಯವರ ಮುಖ ನೋಡುತ್ತಿದ್ದವು. ಕಬ್ಬಿನ ಹಾಲು ಮಾತ್ರ, ಅಬ್ಬಾ! ಶುಂಠಿ, ಲಿಂಬೆ ಹಿಂಡಿ, ಮಂಡಕ್ಕಿ ಜೊತೆ ಎಷ್ಟು ಕುಡಿದೆವೋ ಲೆಕ್ಕವಿಲ್ಲ. ಮೊದಲ ಕೊಪ್ಪರಿಗೆಗೆ ನಾಗಪತಿಯವರು ನಿಂತರು. ಪಾಕ ಬಂತು, ಇಲ್ಲ ಬರಲಿಲ್ಲ ಎಂದು ಅನುಮಾನಿಸುವಷ್ಟರಲ್ಲಿ ತಳ ಹಿಡಿಯಿತು. ಅದನ್ನು ಕೆತ್ತಿ ತೆಗೆಯಲು ಕೆರಿಯ ಹಾರೆ ಹುಡುಕಿದ. ಎಲ್ಲರೂ ನಕ್ಕರು, ಅವರೂ ನಕ್ಕರು. ನಾನು ನಗುತ್ತ ನಗುತ್ತ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಆ ಜಾಗದಲ್ಲಿ ನಿಲ್ಲುವವರು ಬೇರೆಯಿದ್ದರು ಎಂಬುದು ನನಗೂ ನಾಗಪತಿಯವರಿಗೂ ಚೆನ್ನಾಗಿ ಗೊತ್ತಿತ್ತು. ಎರಡನೆಯದು ಸರಿಯಾಯಿತು. ಜೋನಿಬೆಲ್ಲ ಬಂಗಾರದ ಬಣ್ಣಕ್ಕೆ ಇಳಿಯಿತು. ನಿನಗೆಂದು ಒಂದು ಡಬ್ಬಿ ತುಂಬಿಟ್ಟಿದ್ದೇನೆ. ಕಳಿಸುವುದಿಲ್ಲ, ಬಂದು ಒಯ್ಯಬೇಕು.

ಇ-ಮೇಲ್ ನಿನಗೂ ಬಂದಿರುತ್ತದೆ, ನೀನೂ ಬರುತ್ತೀ ಎಂದು ನಾನು ಹುಚ್ಚಿಯ ಹಾಗೆ ನಂಬಿದ್ದೆ. ನನ್ನ ಪ್ರತಿಯೊಂದು ಬರಹಕ್ಕೂ ಒಂದು ಸಾಲಾದರೂ ಉತ್ತರ ಬರೆಯುವವಳು ನೀನು. ಈ ಸಲ ಏನೂ ಇಲ್ಲ. ಶಿರಸಿಯ ಬಸ್ಸು ಬಂದಾಗೆಲ್ಲ ಕೈಯಲ್ಲಿದ್ದ ಲೋಟ ಹಿಡಿದುಕೊಂಡೇ ಬೇಲಿಯ ದಣಪೆಯವರೆಗೆ ಹೋಗಿ ನೋಡಿದೆ. ಮಧ್ಯಾಹ್ನ ತಡೆಯಲಾರದೆ ನಿಮ್ಮ ಮನೆಗೆ ಫೋನು ಮಾಡಿದೆ. ಅನ್ನಪೂರ್ಣವ್ವ ಎತ್ತಿದರು. “ಆಕಿ ಬರೂದಿಲ್ಲವ್ವಾ. ಮಂಗಳವಾರ ಸಾಲಿಯಿಂದ ಬಂದಾಗಿಂದ ಮಾತು ಕಡಿಮಿ ಮಾಡ್ಯಾಳ. ಏನಾಗೇತಿ ಅಂತ ಕೇಳಿದ್ರ ಏನಿಲ್ಲ ಅಂತಾಳ” ಅಂದರು. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡು ನಾನು ಮತ್ತೆ ಜನರ ಮಧ್ಯೆ ಓಡಿದೆ. ಆಗ ನನಗೆ ಹೊಳೆಯಲೇ ಇಲ್ಲ.

ಸೋಮವಾರದಿಂದ ನಿನ್ನೆಯವರೆಗೆ ಉಳಿದ ಬರಹಗಳನ್ನೆಲ್ಲ ತಂದೆ. ಈ ಸಲ ಇ-ಮೇಲ್ ಏರ್ಪಾಡನ್ನು ಮೊದಲು ಬಂದ್ ಮಾಡಿ, ಒಂದೊಂದಕ್ಕೂ ಅದರದರ ತಾರೀಕು ಹಾಕಿದೆ. ಈಗ ‘ಹಿತ್ತಲ ಬಾಗಿಲು’ ನೋಡು, ಎಷ್ಟು ಲಕ್ಷಣವಾಗಿದೆ! ಭಾನುವಾರದ ಫೋಟೋಗಳನ್ನೂ ಹಾಕಿದ್ದೇನೆ. ಮುಂದಿನ ವರ್ಷಕ್ಕೆ ಕಬ್ಬು ನೆಡುವುದೆಂದು ನಾಗಪತಿಯವರೂ ಕೆರಿಯನೂ ಈಗಾಗಲೇ ಗದ್ದೆಯ ಅಂಚಿನಲ್ಲಿ ನಿಂತು ಜಗಳ ಶುರು ಮಾಡಿದ್ದಾರೆ.

ಪ್ರತಿಭಾ ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯಲಿ, ಅವಳ ತಲೆ ಸವರಿದೆನೆಂದು ಹೇಳು. ಅನ್ನಪೂರ್ಣವ್ವನವರ ಮಂಡಿನೋವು ಬೇಸಿಗೆಯಲ್ಲಾದರೂ ಇಳಿಯಲಿ. ನಿನಗೆ ದೇವರು ಸಾಕಷ್ಟು ನಿದ್ದೆ ಕೊಡಲಿ, ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯನ್ನೂ ಕೊಡಲಿ.

ಯಾವತ್ತೂ ನಿನ್ನವಳೇ,
ಸುಬ್ಬಿ

ತಾ.ಕ.: ಇ-ಮೇಲಿಗೆ ಹೆದರಿದ್ದು ಯಾಕೆ ಅಂತ ಇನ್ನೂ ಹೇಳಿಲ್ಲ. ಆ ಮಂಗಳವಾರ ನಾನು ಅಕ್ಷರ ದುಂಡಗೆ ಬಂತೋ ಇಲ್ಲವೋ ಎಂದಷ್ಟೇ ನೋಡಿದ್ದೆ, ಬರಹವನ್ನು ಓದಿರಲಿಲ್ಲ. ನಿನ್ನೆ ಅದಕ್ಕೆ ಹಳೆಯ ತಾರೀಕು ಹಾಕಲು ಕೂತಾಗ ಕೊನೆಯವರೆಗೆ ಓದಿದೆ. “ಕೊಪ್ಪರಿಗೆಯ ಹತ್ತಿರ ಎಂದಿನಂತೆ ನಮ್ಮ ಶಿವಪುತ್ರಪ್ಪನವರು ಇರುತ್ತಾರೆ. ಅವರನ್ನು ಮಾತಾಡಿಸದೆ ಯಾರೂ ಹೋಗಬಾರದು” ಎಂದು ಬರೆದಿದ್ದೆ. ಭಾನುವಾರ ಇಬ್ಬರು ಮೂವರು ಕೊಪ್ಪರಿಗೆಯ ಹತ್ತಿರ ಯಾರನ್ನೋ ಹುಡುಕುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಅದು ಅವತ್ತಿನ ತಾರೀಕಿನಲ್ಲಿ ನಿನಗೆ ಬಂತು. ಶಾಲೆಯಲ್ಲಿ, ಎಲ್ಲರ ನಡುವೆ ಕೂತು ನೀನು ಅದನ್ನು ಓದಿರಬೇಕು. ಅಷ್ಟು ಹೊತ್ತಿಗೆ ನಾನಿಲ್ಲಿ ಚಪ್ಪಾಳೆ ಹೊಡೆಯುತ್ತಿದ್ದೆ. ಉಳಿದೆಲ್ಲ ಬರಹಗಳ ತಾರೀಕು ಸರಿಯಾಗಿದೆ, ಅದೊಂದನ್ನು ಬಿಟ್ಟು. ಎರಡು ಸಲ ಬದಲಿಸಲು ಹೋದೆ. ಕೊಪ್ಪರಿಗೆಯ ಹತ್ತಿರ ನಿಂತವರನ್ನು ನಾನೇ ಹೊರಗೆ ಕಳಿಸಿದಂತಾಯಿತು, ಕೈ ಬರಲಿಲ್ಲ. ಪಾರ್ವತಿ, ನೀನು ಬಾ. ಆ ತಾರೀಕನ್ನು ನೀನೇ ಹಾಕು, ಇಲ್ಲವೇ ಹಾಗೇ ಇರಲಿ ಅನ್ನು. ಮೌಸು ನಾನು ಹಿಡಿದುಕೊಳ್ಳುತ್ತೇನೆ.