ನೀವು ಹೊಗಳಿದ ಉಪವಾಸ

ಅತ್ತೆ,

ನಮಸ್ಕಾರ ಎಂದು ಬರೆಯಲು ಕೈ ಬರುತ್ತಿಲ್ಲ. ನೀವು ಹೋಗಿ ವರ್ಷ ತುಂಬಿತು. ನಿಮ್ಮ ಫೋಟೊಗೆ ದಿನವೂ ಹೂ ಮುಡಿಸುತ್ತೇನೆ. ಅದು ನಿಮ್ಮ ಮಗನಿಗಾಗಿ. ಹೋದವರನ್ನು ಬೈಯಬಾರದು ಎನ್ನುತ್ತಾರೆ ನಿಮ್ಮ ಮಗಳು ನಾಗವೇಣಿ. ಅವರು ಬೇಕಾದರೆ ಈ ಕಾಗದ ಓದದಿರಲಿ. ನೀವು ಮಾತ್ರ ಓದಲೇಬೇಕು.

ನಮ್ಮ ಪಲ್ಲವಿ ಪಿಯುಸಿ ಸೇರಿದ ವರ್ಷದ ಶ್ರಾವಣ ನೆನಪಿದೆಯೇ? ಶನಿವಾರ ಒಪ್ಪತ್ತು ಇರುತ್ತೇನೆ ಅಜ್ಜಿ ಎಂದು ಬಂದು ನಿಮ್ಮ ಪಕ್ಕದಲ್ಲಿ ಕೂತಳು. ನಿಮ್ಮ ಮುಖ ಅರಳಿತು. ಶ್ರಾವಣ ಮುಗಿದರೂ ಆ ಶನಿವಾರಗಳು ಮುಗಿಯಲಿಲ್ಲ. ಸೋಮವಾರ ಸೇರಿಕೊಂಡಿತು, ಸಂಕಷ್ಟಿ ಸೇರಿಕೊಂಡಿತು, ಆಮೇಲೆ ಗುರುವಾರ. ಒಪ್ಪತ್ತಿನ ಆ ಒಂದು ಊಟವೂ ಬರಬರುತ್ತ ಅರ್ಧ ಬಾಳೆಹಣ್ಣಿಗೆ ಇಳಿಯಿತು. ದೇವಸ್ಥಾನದ ಜಗಲಿಯಲ್ಲಿ, ಮಾವನವರ ಕಾರ್ಖಾನೆಯ ಕ್ವಾರ್ಟರ್ಸಿನ ಹಳೇ ಗೆಳತಿಯರೆದುರು ನೀವು ಮೊಮ್ಮಗಳನ್ನು ಮೆರೆಸುತ್ತಿದ್ದಿರಿ. ಈ ಕಾಲದಲ್ಲಿ ಇಂಥ ಭಕ್ತಿ ಯಾವ ಹುಡುಗಿಗಿದೆ ಎಂದು. ಅವಳು ನಿಮ್ಮ ಕೈ ಹಿಡಿದು ನಿಂತಿರುತ್ತಿದ್ದಳು. ಅವಳ ಬಳೆ ಮೊಣಕೈವರೆಗೆ ಸರಿಯುತ್ತಿದ್ದದ್ದು ನಿಮ್ಮಲ್ಲಿ ಒಬ್ಬರಿಗಾದರೂ ಕಾಣಲಿಲ್ಲವೇ?

ಒಂದು ಸಂಜೆ ಅವಳ ಬಾಚಣಿಗೆಯಲ್ಲಿ ಹಿಡಿ ಕೂದಲು ನೋಡಿ ನಾನು ಹೆದರಿ ನಿಮ್ಮ ಹತ್ತಿರ ಬಂದೆ. ಅವಳ ಮುಟ್ಟು ನಿಂತು ತಿಂಗಳುಗಳಾಗಿವೆ, ದಯವಿಟ್ಟು ಈ ವ್ರತಗಳನ್ನು ನೀವೇ ಬಿಡಿಸಿ, ನಿಮ್ಮ ಮಾತಾದರೆ ಕೇಳುತ್ತಾಳೆ ಎಂದೆ. ನೀವು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನಿನಗಂತೂ ಒಂದು ದಿನ ಬಾಯಿ ಕಟ್ಟೋಕಾಗಲ್ಲ, ಸುಜಾತಾ. ಮಗು ಮಾಡೋದನ್ನ ಯಾಕೆ ಕೆಡಿಸ್ತೀಯ?"

ಒಳಕೋಣೆಯಿಂದ ಅವಳು ಇದನ್ನು ಕೇಳಿಸಿಕೊಂಡಳು. ಅಂದಿನಿಂದ ಅವಳ ತಟ್ಟೆಯ ಬಗ್ಗೆ ನಾನು ಏನೇ ಹೇಳಿದರೂ ನಿಮ್ಮ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದಳು.

ಆಸ್ಪತ್ರೆಯ ಆ ಶನಿವಾರಕ್ಕೆ ಬರುತ್ತೇನೆ. ಹಿಂದಿನ ದಿನ ಮಾರತ್ತಹಳ್ಳಿಯ ಬಸ್‌ಸ್ಟಾಪಿನಲ್ಲಿ ಅವಳು ಕುಸಿದು ಬಿದ್ದಿದ್ದಳು. ಹಸಿದು ಹಸಿದು ಹೃದಯದ ಬಡಿತವೇ ನಿಧಾನವಾಗಿದೆ, ಇದು ವ್ರತವಲ್ಲ, ಊಟ ಕಂಡರೆ ಹೆದರುವಂತೆ ಮಾಡುವ ಕಾಯಿಲೆ ಎಂದು ಡಾಕ್ಟರು ನಮ್ಮೆಲ್ಲರನ್ನೂ ಕೂರಿಸಿ ಹೇಳಿದ್ದರು. ಬೆಳಿಗ್ಗೆ ನರ್ಸ್ ಗಂಜಿ ತಂದಳು. ಪಲ್ಲವಿ ಲೋಟಕ್ಕೆ ಕೈ ಚಾಚಿದ್ದಳು. ಹೌದು ಅತ್ತೆ, ಚಾಚಿದ್ದಳು. ಆಗ ನೀವು ಬಾಯಿ ತೆರೆದಿರಿ.

"ಇವತ್ತು ಶನಿವಾರ ಕಣಮ್ಮಾ. ಸಂಜೆವರೆಗೂ ಅವಳು ಏನೂ ಮುಟ್ಟಲ್ಲ."

ಅವಳು ನಿಮ್ಮ ಮುಖ ನೋಡಿದಳು. ಕೈ ಹಿಂದಕ್ಕೆಳೆದುಕೊಂಡಳು. ಅದಾದ ಮೇಲೆ ಮೂಗಿನಲ್ಲಿ ನಳಿಕೆ ಹಾಕಿಯೇ ಅವಳಿಗೆ ಉಣಿಸಬೇಕಾಯಿತು. ನಾನು ನಿಮ್ಮನ್ನು ಆಚೆ ಹೋಗಿ ಎಂದೆ. ಎಲ್ಲರೆದುರು ಎಂದೆ. ಆಮೇಲೆ ನೀವು ಸಾಯುವವರೆಗೂ ನನ್ನೊಡನೆ ಮಾತಾಡಲಿಲ್ಲ. ಆ ಮಾತು ತಾಗಿಯೇ ನಿಮ್ಮ ಎದೆ ಒಡೆಯಿತು ಎನ್ನುತ್ತಾರೆ ನಿಮ್ಮ ಕಡೆಯವರು. ಎನ್ನಲಿ. ಇವತ್ತು ಮತ್ತೆ ಅದೇ ಕೋಣೆ, ಅದೇ ಗಂಜಿ ಆದರೂ ಅದನ್ನೇ ಅನ್ನುತ್ತೇನೆ.

ಯಾರೊಬ್ಬರ ತಪ್ಪಿನಿಂದಲೂ ಈ ಕಾಯಿಲೆ ಬರುವುದಿಲ್ಲ ಎಂದು ಡಾಕ್ಟರು ಎಷ್ಟು ಸಲ ಹೇಳಿದರೋ. ಒಪ್ಪುತ್ತೇನೆ. ಅದನ್ನು ಮನೆಗೆ ಕರೆತಂದವರು ನೀವಲ್ಲ. ಬಂದದ್ದಕ್ಕೆ ಮಣೆ ಹಾಕಿದವರು, ಆರತಿ ಎತ್ತಿದವರು ಮಾತ್ರ...

ರೆಜಿನಾ ಮೇಡಂ ಮೊದಲ ಸಲ ನಮ್ಮ ಮನೆಗೆ ಬಂದಾಗ ನೀವಿರಲಿಲ್ಲ. ಇದ್ದಿದ್ದರೆ ಅವರ ಕತ್ತಿನ ಶಿಲುಬೆ ನೋಡಿ ಹಜಾರದಲ್ಲೇ ಕೂರಿಸುತ್ತಿದ್ದಿರಿ. ಅವರು ಆಕ್ಯುಪೇಷನಲ್ ಥೆರಪಿಸ್ಟ್. ಕಾಯಿಲೆ ಕಿತ್ತುಕೊಂಡ ದಿನನಿತ್ಯದ ಕೆಲಸಗಳನ್ನು ಮತ್ತೆ ಕೈಗೆ ಹಿಡಿಸುವವರು. ತರಕಾರಿ ತರುವುದು, ಅಡುಗೆ ಮಾಡುವುದು, ನಾಲ್ಕು ಜನರ ಮಧ್ಯೆ ಕೂತು ಉಣ್ಣುವುದು. ಅಷ್ಟೇನಾ ಎಂದುಕೊಂಡೆ ನಾನೂ. ಪಲ್ಲವಿ ಅಕ್ಕಿರೊಟ್ಟಿ ತಟ್ಟಿ ಅವರಿಗೆ ಬಡಿಸಿದಳು. ತನ್ನದನ್ನು ಮಾತ್ರ ಕಾಗದದಲ್ಲಿ ಒತ್ತಿ ಒತ್ತಿ ಎಣ್ಣೆ ಹಿಂಡುತ್ತ ನಿಂತಳು. ಮೇಡಂ ಬೈಯಲಿಲ್ಲ. ತಮ್ಮ ರೊಟ್ಟಿಯನ್ನೂ ಮುರಿಯದೆ ಸುಮ್ಮನೆ ಕೂತರು. ನೀನು ಕೂರುವವರೆಗೆ ನಾನೂ ತಿನ್ನುವುದಿಲ್ಲ ಎಂದರು. ರೊಟ್ಟಿ ತಣ್ಣಗಾಗಿ ಚರ್ಮದಂತಾಯಿತು. ಕೊನೆಗೆ ಅವಳು ಅಳುತ್ತ ಕೂತಳು, ಅಳುತ್ತಲೇ ತಿಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ಇನ್ನೊಂದು ದಿನ ಮೇಡಂ ಅವಳನ್ನು, ಇದೆಲ್ಲ ಶುರುವಾಗುವ ಮುಂಚೆ ನಿನಗೆ ಏನು ಇಷ್ಟವಿತ್ತು ಎಂದು ಕೇಳಿದರು. ಕೇಳಿ ಅತ್ತೆ, ನಮ್ಮ ಮನೆಯ ಇಪ್ಪತ್ತರ ಹುಡುಗಿಗೆ ತನ್ನ ಇಷ್ಟ ಯಾವುದೆಂದೇ ಮರೆತುಹೋಗಿತ್ತು. ಆಮೇಲೆ ಮೆಲ್ಲಗೆ ಸ್ಕೂಟರ್ ಕಲಿಯಬೇಕು ಅಂದಳು. ತಲೆ ತಿರುಗುವವರಿಗೆ ಸ್ಕೂಟರ್ ಇಲ್ಲ, ಮೊದಲು ಡಾಕ್ಟರು ಒಪ್ಪಬೇಕು, ಒಪ್ಪಿದ ಮೇಲೂ ತಿಂಡಿ ತಿಂದ ದಿನ ಮಾತ್ರ ಕೀ ಎಂದರು ಮೇಡಂ. ಡಾಕ್ಟರು ಒಪ್ಪಲು ತಿಂಗಳುಗಳೇ ಹಿಡಿದವು. ಇಡ್ಲಿ ಎದುರಿಗಿಟ್ಟುಕೊಂಡು, ತಿನ್ನಲಾರದೆ ಕೀ ಬಿಟ್ಟುಕೊಟ್ಟ ದಿನಗಳೂ ಇದ್ದವು. ಈಗ ಕಾಲೇಜಿಗೆ ಸ್ಕೂಟರಿನಲ್ಲೇ ಹೋಗುತ್ತಾಳೆ. ಪೂರ್ತಿ ವಾಸಿಯಾಗಿದೆ ಎಂದು ನಾನು ಹೇಳುವುದಿಲ್ಲ.

ಇನ್ನು ನಿಮಗೆ ಯಾರೂ ಹೇಳದ ಸುದ್ದಿ. ಮೊನ್ನೆ ನಿಮ್ಮ ತಿಥಿ. ಆನೇಕಲ್ಲಿನಿಂದ ನಾಗವೇಣಿ ಹಿಂದಿನ ದಿನವೇ ಬಂದಿದ್ದರು. ಮಧ್ಯಾಹ್ನ ಎಡೆ ಇಟ್ಟು ಕಾಗೆ ಮುಟ್ಟುವವರೆಗೆ ಮನೆಯವರು ಯಾರೂ ಏನೂ ತಿನ್ನುವಂತಿಲ್ಲ. ಬೆಳಿಗ್ಗೆ ಪಲ್ಲವಿ ತಲೆಸ್ನಾನ ಮಾಡಿ ಅಡುಗೆಮನೆಗೆ ಬಂದಳು.

"ಅಮ್ಮಾ, ಇವತ್ತು ಎಲ್ರೂ ಉಪವಾಸ ತಾನೆ?"

ಆ ಧ್ವನಿಯಲ್ಲಿದ್ದ ಉತ್ಸಾಹ ನನಗೆ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಮಗ ಒಳಗೆ ಬಂದರು. ಇಷ್ಟು ವರ್ಷ ನಿಮ್ಮೆದುರು ಒಂದು ಮಾತೂ ಎತ್ತದವರು. ಆಸ್ಪತ್ರೆಯಲ್ಲೂ ಗೋಡೆ ನೋಡುತ್ತ ನಿಂತವರು. ಪೂಜೆಯ ಪಂಚೆಯಲ್ಲೇ ನೆಲದ ಮೇಲೆ ಕೂತು ಎರಡು ತಟ್ಟೆ ಎಳೆದುಕೊಂಡರು. ಉಪ್ಪಿಟ್ಟು ಮಾಡು ಎಂದು ನನಗೆ ಹೇಳಿ, ಮಗಳನ್ನು ಪಕ್ಕಕ್ಕೆ ಕರೆದರು. ಅವಳು ಬಹಳ ಹೊತ್ತು ನಿಂತೇ ಇದ್ದಳು. ಅವರು ಮೊದಲ ತುತ್ತು ಬಾಯಿಗಿಟ್ಟುಕೊಂಡ ಮೇಲೆ ಕೂತಳು. ನಾಗವೇಣಿ ಬಾಗಿಲಲ್ಲಿ ಬಂದು ನಿಂತರು.

"ಅಣ್ಣಾ, ಅಮ್ಮನ ತಿಥಿ ಕಣೋ ಇವತ್ತು."

"ಗೊತ್ತು," ಎಂದರು ನಿಮ್ಮ ಮಗ. "ಅಮ್ಮ ಕಾಯ್ತಾಳೆ ಬಿಡು."

ಕಾದಿರಿ ತಾನೇ? ಮುಂದಿನ ವರ್ಷವೂ ಕಾಯಬೇಕು ಅತ್ತೆ. ಎಡೆ ತಪ್ಪಿಸುವುದಿಲ್ಲ, ನಿಮಗಿಷ್ಟವಾದ ಕಜ್ಜಾಯವನ್ನೂ ಮಾಡಿಡುತ್ತೇನೆ. ನಿಮ್ಮ ಮೊಮ್ಮಗಳು ಉಂಡೆದ್ದ ಮೇಲೆ.

ನಿಮ್ಮ ಸೊಸೆ,
ಸುಜಾತಾ