ಗಾಡಿಯ ಹೊಸ ಮುಖ

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟೀ,

ಅಪ್ಪನನ್ನು ಯಾಕೆ ಆಸ್ಪತ್ರೆಗೆ ಕರೆದೊಯ್ಯಲಿಲ್ಲ ಎಂದು ಭಾನುವಾರ ಫೋನಿನಲ್ಲಿ ನೀನು ಕೇಳಿದಾಗ ಗಾಡಿ ಕೆಟ್ಟಿದೆ ಅಂದುಬಿಟ್ಟೆ. ಗಾಡಿ ಚೆನ್ನಾಗಿಯೇ ಇದೆ. ನಿನ್ನಪ್ಪ ಅದನ್ನು ಹತ್ತುತ್ತಿಲ್ಲ, ಅಷ್ಟೆ. ಬಾಯಲ್ಲಿ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಳೇ ಎಸ್‌ಯುವಿಯ ಮುಂದಿನ ಗ್ರಿಲ್ ಹೇಗಿತ್ತೆಂದು ನಿನಗೆ ಗೊತ್ತಲ್ಲ. ಹೊಳಪೆಲ್ಲ ಸಿಪ್ಪೆಯೆದ್ದು, ಎರಡು ಪಟ್ಟಿ ಮುರಿದು, ಎಡಗಡೆ ನಿನ್ನಪ್ಪ ಸುತ್ತಿದ ತಾಮ್ರದ ತಂತಿಯಿಂದ ನಿಂತಿತ್ತು. ಸರ್ವೆ ಕೆಲಸಕ್ಕೆಂದು ಇಪ್ಪತ್ತು ವರ್ಷ ಕಲ್ಲುದಾರಿಯಲ್ಲಿ ಓಡಿಸಿದ ಗಾಡಿ, ಇನ್ನೇನಾದೀತು. ಮರೆವು ಹೆಚ್ಚಾದ ಮೇಲೆ ಮನೆ, ಬೀದಿ, ನೀನು, ನಾನು ಒಂದೊಂದಾಗಿ ಅವರ ತಲೆಯಿಂದ ಜಾರಿದೆವು. ಆ ಗ್ರಿಲ್ ಮಾತ್ರ ಉಳಿದಿತ್ತು. ದಿನಾ ಸಂಜೆ ಅದರ ಮುಂದೆ ನಿಂತು, ಪಟ್ಟಿಗಳ ಮೇಲೆ ಬೆರಳಾಡಿಸಿ, "ನಮ್ದೇ ಗಾಡಿ" ಅಂತ ಹತ್ತಿ ಕೂರುತ್ತಿದ್ದರು. ಕೆರೆಯ ತನಕ ಒಂದು ಸುತ್ತು ಹೋಗಿ ಬಂದರೆ ತಕರಾರಿಲ್ಲದೆ ಉಣ್ಣುತ್ತಿದ್ದರು. ಆಸ್ಪತ್ರೆಗೂ ಹಾಗೆಯೇ ಪುಸಲಾಯಿಸಿ ಒಯ್ಯುತ್ತಿದ್ದೆ.

ಹೋದ ತಿಂಗಳು ಒಂದು ಸಂಜೆ ಆ ತಂತಿ ಮುಟ್ಟಿ, ಅದನ್ನು ಕಟ್ಟಿದ ದಿನದ ಕಥೆಯನ್ನೆಲ್ಲ ಹೇಳಿದರು. ಎಮ್ಮೆ ಅಡ್ಡ ಬಂದದ್ದು, ಹೆಂಡತಿ ತಂತಿಯ ತುದಿ ಹಿಡಿದು ನಿಂತದ್ದು, ಅವಳ ಬೆರಳು ಕೊಯ್ದದ್ದು. ಒಂದೂ ತಪ್ಪಿಲ್ಲ ಪುಟ್ಟೀ. ಆ ಹೆಂಡತಿ ನಾನೇ ಅಲ್ಲವಾ ಅಂದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನೋವಾಗದ ಹಾಗೆ ಮೆತ್ತಗೆ ಹೇಳಿದರು, "ನೀವು ತಪ್ಪು ತಿಳ್ಕೊಂಡ್ರಿ ಅನ್ಸತ್ತೆ ಅಮ್ಮಾ. ಅವ್ಳು ಚಿಕ್ಕೋಳು."

ಮರುದಿನವೇ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಗ್ರಿಲ್ ಸಡಿಲವಾಗಿದೆ, ಎಲ್ಲಾದರೂ ಕಳಚಿ ಬಿದ್ದೀತು ಎಂದು ಅವನಿಗೆ ಹೇಳಿದೆ. ನಿನಗೂ ಅದನ್ನೇ ಹೇಳುವವಳಿದ್ದೆ. "ಎರಡು ಕ್ಲಿಪ್ ಹಾಕಿದ್ರೆ ಇದೇ ಇನ್ನೂ ನಡೆಯತ್ತೆ ಅಕ್ಕಾ" ಅಂದ. ಹೊಸದೇ ಬೇಕು ಅಂದೆ. ಬಾನೆಟ್ ಎತ್ತಿ, ಮೇಲಿನ ಸ್ಕ್ರೂ ಬಿಚ್ಚಿ, ಎರಡೂ ಕೈಯಿಂದ ಎಳೆದ. ಹಿಂದೆ ಒಣಗಿದ ಎಲೆ, ಸತ್ತ ಚಿಟ್ಟೆಗಳು. ಕಪ್ಪಗೆ ಮಿರುಗುವ ಹೊಸದು ಚಟಕ್ಕನೆ ಕೂತಿತು. ಹಳೆಯದನ್ನು ಡಿಕ್ಕಿಯಲ್ಲಿ ಇಡಲಾ ಎಂದು ಕೇಳಿದ. ಮುರಿದು ಹಾಕು ಅಂದೆ. ಅವನು ಮೊಣಕಾಲಿಗೆ ಕೊಟ್ಟು ಮುರಿಯುವ ತನಕ ನಿಂತು ನೋಡಿದೆ. ಒಂದು ಪ್ಲಾಸ್ಟಿಕ್ ತುಂಡಿನ ಮೇಲೆ ಸವತಿಯ ಮೇಲಿನಷ್ಟು ಹೊಟ್ಟೆಕಿಚ್ಚು ನನಗೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಆ ಸಂಜೆ ನಿನ್ನಪ್ಪ ಎಂದಿನಂತೆ ಕೈ ಚಾಚಿದರು, ಬಿಸಿ ತಗುಲಿದವರಂತೆ ಹಿಂದೆ ಎಳೆದುಕೊಂಡರು. "ಇದು ನಮ್ದಲ್ಲ. ನಮ್ದನ್ನ ಯಾರೋ ತಗೊಂಡ್ಹೋಗಿದ್ದಾರೆ" ಅಂದರು. ಅಂದಿನಿಂದ ಅದನ್ನು ಹತ್ತಿಲ್ಲ. ಸಂಜೆಯಾದರೆ ಬೀದಿ ಬೀದಿ ಸುತ್ತಿ, ನಿಂತ ಗಾಡಿಗಳ ಮೂತಿಯನ್ನೆಲ್ಲ ಮುಟ್ಟಿ ನೋಡುತ್ತಾರೆ, ಅವರ ಹಿಂದೆ ಹಿಂದೆ ನಾನು. ಊಟ ಅರ್ಧಕ್ಕಿಳಿದಿದೆ.

ಮತ್ತೆ ಮೆಕ್ಯಾನಿಕ್ ಹತ್ತಿರ ಓಡಿದೆ. ತುಂಡುಗಳು ಗುಜರಿಗೆ ಹೋಗಿಬಿಟ್ಟಿದ್ದವು. ಪಾಪ, ಇದೇ ತರಹದ ಬೇರೆ ಗಾಡಿಯ ಹಳೇ ಗ್ರಿಲ್ ಒಂದನ್ನು ಹುಡುಕಿ ಕೂರಿಸಿಕೊಟ್ಟ. ಎಡಗಡೆ ನಾನೇ ತಂತಿ ಸುತ್ತಿದೆ. ನಿನ್ನಪ್ಪ ಬಹಳ ಹೊತ್ತು ಬೆರಳಾಡಿಸಿದರು. "ಯಾರೋ ನಮ್ದರ ಹಾಗೇ ಮಾಡಿಟ್ಟಿದ್ದಾರೆ" ಎಂದು ಒಳಗೆ ಹೋದರು.

ಅವರ ಪಾಲಿಗೆ ಉಳಿದಿದ್ದದ್ದು ಅದೊಂದೇ. ಅದನ್ನೂ ನಾನೇ ಕಿತ್ತುಕೊಂಡೆ. ಬೈಯುವುದಿದ್ದರೆ ಬೈದು ಬರೆ, ಸಮಾಧಾನ ಮಾತ್ರ ಹೇಳಬೇಡ.

ನಿನ್ನ
ಅಮ್ಮ

ತಾ.ಕ.: ಮುಂದಿನ ವಾರ ಬಂದಾಗ ಅವರೆದುರು ನನ್ನನ್ನು ಅಮ್ಮ ಅನ್ನಬೇಡ. ನಾನು ಅವರ ಹೆಂಡತಿ ಅಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ನಿನ್ನೆ ಅಡುಗೆಗೆ ಬಂದವಳು ಅಂದೆ, ನನ್ನ ಕೈಯಿಂದ ನಾಲ್ಕು ತುತ್ತು ತಿಂದರು. ಹೆಸರು ಕೇಳಿದರು. ಬಾಯಿಗೆ ಬಂದ ಯಾವುದೋ ಒಂದು ಹೆಸರು ಹೇಳಿದೆ.